ವಾರ್ನಿಷ್ ಬಳಿದ ಹಿಟ್ಟಿನ ಕೋಲು

ಕೋಲು ಹುಣಸೆಯದೋ ಜಾಲಿಯದೋ, ತಪ್ಪು ಹೇಳುತ್ತಿರಬಹುದು. ದೊಡ್ಡಮ್ಮ ಅಂದು ಉಟ್ಟಿದ್ದ ಸೀರೆಯೂ ನೆನಪಿನಲ್ಲಿ ಆಗಾಗ ಬಣ್ಣ ಬದಲಿಸುತ್ತದೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಕಿಲ್ಲ. ಆದರೆ ಇಂದು ಬೆಳಿಗ್ಗೆ ಎದುರುಮನೆಯ ಬಾಗಿಲಿಗೆ ಬಳಿಯುತ್ತಿದ್ದ ವಾರ್ನಿಷ್ಷಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟು ಎದ್ದು ಕೂತಿತು. ಸಿಟ್ಟಿನ ವಿಷಯದಲ್ಲಿ ನನಗೆ ಅನುಮಾನವಿಲ್ಲ.

ಗೌಡಗೆರೆಯಿಂದ ಪಾವಗಡಕ್ಕೆ ಮದುವೆಯಾಗಿ ಹೋಗುವಾಗ ದೊಡ್ಡಮ್ಮ ತವರಿನಿಂದ ಒಯ್ದ ಕೋಲು ಅದು. ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದು ಆ ಕೋಲಿನಲ್ಲೇ ಮುದ್ದೆ ತೊಳಸುತ್ತಿದ್ದಳು. ಎಡಗೈಯವಳಾದ್ದರಿಂದ ಕೋಲು ಒಂದೇ ಮಗ್ಗುಲಿಗೆ ಸವೆದಿತ್ತು. "ಮುಟ್ಬ್ಯಾಡ ಕಣಮ್ಮ, ನೀನ್ ಗಂಟು ಮಾಡ್ಬುಟ್ರೆ ನನ್ ಕೋಲಿಗೆ ಕೆಟ್ಟೆಸ್ರು" ಎಂದು ನನ್ನನ್ನು ಅಟ್ಟುತ್ತಿದ್ದಳು. ತಪ್ಪೇನಿಲ್ಲ, ನಾನು ಮಾಡಿದ ಮುದ್ದೆಯನ್ನು ನಾಯಿಯೂ ಯೋಚಿಸಿಯೇ ತಿನ್ನುತ್ತಿತ್ತು.

ಅವಳ ಮಗ ಮಂಜ ಮನೆಸಾಮಾನುಗಳಿಂದ ಕಲಾಕೃತಿ ಮಾಡುತ್ತಾನೆ; ಅವನ್ನು 'ಸಾಮಾನ್ಯ ವಸ್ತುಗಳು' ಎನ್ನುತ್ತಾನೆ. "ಸಂಜೆ ಹಿಟ್ಟಿಗೆ ಮುಂಚೆ ತಂದ್ಕೊಡ್ತೀನಮ್ಮ" ಎಂದು ಆ ಕೋಲನ್ನು ಒಯ್ದವನು ತರಲೇ ಇಲ್ಲ. ದೊಡ್ಡಮ್ಮ ಪಕ್ಕದ ಮನೆಯ ಕೋಲು ತಂದು ತೊಳಸಿದಳು, ಮುದ್ದೆಯೆಲ್ಲ ಗಂಟು.

ಮುಂದೆ ಮಧುಗಿರಿಯಲ್ಲಿ ಅವನ ಪ್ರದರ್ಶನ ನಡೆಯಿತು. ದೊಡ್ಡಮ್ಮ, ನಾನು ಇಬ್ಬರೂ ಹೋದೆವು. ಮೊರ, ಒನಕೆ, ಸೌಟುಗಳ ನಡುವೆ ಒಂದು ಕೋಲು ತಂತಿಗೆ ಜೋತುಬಿದ್ದಿತ್ತು, ಮೈತುಂಬ ಥಳಥಳ ವಾರ್ನಿಷ್. ಕೆಳಗೆ ಚೀಟಿ: 'ಹೆಸರಿಲ್ಲದ ಹೆಂಗಸಿನ ದುಡಿಮೆ'. ಎಂ.ಎ. ಓದಿದವಳಲ್ಲವೇ, ಒಂದು ಗಳಿಗೆ ತಲೆದೂಗಿಯೂ ಬಿಟ್ಟೆ. ಆಮೇಲೆ ಆ ಸವೆದ ಮಗ್ಗುಲು ಕಣ್ಣಿಗೆ ಬಿತ್ತು.

ಅಷ್ಟರಲ್ಲಿ ದೊಡ್ಡಮ್ಮ ನೇರ ಹೋಗಿ ಕೈ ಚಾಚಿದ್ದಳು.

"ಅಜ್ಜೀ, ಮುಟ್ಬಾರ್ದು!" ಎಂದ ಕಾವಲಿನವನು.

"ಲೇ, ನಂದೇ ಕಣ್ಲಾ ಇದು! ಏನ್ಲಾ ಮೆತ್ಬುಟ್ಟವ್ರೆ ಇದುಕ್ಕೆ? ಇನ್ನ್ ಹೆಂಗ್ಲಾ ಹಿಟ್ಟು ತೊಳಸ್ಲಿ ಇದ್ರಾಗೆ?"

ಸುತ್ತಲಿದ್ದವರು ನಕ್ಕರು. ಕನ್ನಡಕದವರೊಬ್ಬರು ಮೆಚ್ಚುಗೆಯಿಂದ, "ಎಷ್ಟು ಸಹಜವಾಗಿ ಮಾತಾಡ್ತಾರೆ! ಯಾರು ಈ ಅಜ್ಜಿ?" ಎಂದು ಪಕ್ಕದಲ್ಲಿ ನಿಂತಿದ್ದ ಮಂಜನನ್ನೇ ಕೇಳಿದರು.

"ನಮ್ಮೂರಿನೋರು ಸರ್" ಎಂದ ಮಂಜ.

ಊರಿನೋರಂತೆ! ಹೊತ್ತುಹೊತ್ತಿಗೆ ಅವಳ ಮುದ್ದೆ ತಿಂದು ಬೆಳೆದ ಬಾಯಿ ಅದು. ಹೆಸರಿಲ್ಲದ ಹೆಂಗಸು ಎಂದು ಬರೆದವನಿಗೆ ಅವಳ ಹೆಸರು ಗೊತ್ತಿರಲಿಲ್ಲವೇ? ಸಾಮಾನ್ಯ ವಸ್ತುವಂತೆ, ಯಾರ ಕೈಗೆ ಸಾಮಾನ್ಯ? ಅವನ ಮಾತು ದೊಡ್ಡಮ್ಮನಿಗೆ ಕೇಳಿಸಿತೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡದ್ದು ಮಾತ್ರ ಕಂಡಿದ್ದೇನೆ. ಅಲ್ಲಿ ನಾನೂ ಬಾಯಿ ಬಿಡಲಿಲ್ಲ.

ಇಂದು ಬಿಟ್ಟೆ. ಮಂಜನಿಗೆ ಫೋನ್ ಹಚ್ಚಿದೆ. "ಹೇಳಕ್ಕ" ಎಂದ. ನೇರವಾಗಿ ಕೇಳಿದೆ:

"'ಇವ್ಳು ನಮ್ಮಮ್ಮ' ಅಂತ ಹೇಳೋಕೆ ಅವತ್ತು ನಿಂಗೇನಾಗಿತ್ತೋ, ಮಂಜ?"