ಪಾತ್ರೆಯ ಸದ್ದಲ್ಲ

ಕಳೆದ ಭಾನುವಾರ ಬೆಳಿಗ್ಗೆ, ಕೆಂಪಾಪುರದ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಯಾರದೋ ಮಗುವಿನ ನಾಮಕರಣಕ್ಕೆಂದು ಬಾಡಿಗೆ ಜಮಖಾನೆ ಬಿಡಿಸಿದರು. ಬಿಡಿಸಿದ ಕೂಡಲೇ ಒಂದು ವಾಸನೆ ಎದ್ದಿತು. ಧೂಳು, ಒಣಗಿದ ಸಾರು, ಎಂದೋ ಚೆಲ್ಲಿದ ಪನ್ನೀರು ಎಲ್ಲ ಸೇರಿದ ವಾಸನೆ. ಪಕ್ಕದ ಫ್ಲ್ಯಾಟಿನವರು ಮೂಗಿಗೆ ಕರ್ಚೀಫು ಹಿಡಿದರು. ನಾನು ಬಗ್ಗಿ ಇನ್ನೊಂದು ಸಲ ಮೂಸಿದೆ. ನನಗೆ ಅದು ತವರಿನ ವಾಸನೆ. ಅದರ ಬೆನ್ನಿಗೇ ಸಿಟ್ಟೂ ಬಂತು. ತವರು ನೆನಪಾದರೆ ಯಾರಿಗಾದರೂ ಸಿಟ್ಟು ಬರುತ್ತದೆಯೇ ಎಂದು ನೀವು ಕೇಳಬಹುದು. ಹಾಲು ಉಕ್ಕಿದರೂ ನನಗೆ ಸಿಟ್ಟು, ಉಕ್ಕದಿದ್ದರೂ ಸಿಟ್ಟು ಎಂದು ನನ್ನ ಗಂಡ ಹೇಳುತ್ತಾರೆ. ಇರಬಹುದು. ಆದರೆ ಈ ಸಿಟ್ಟಿಗೆ ನ್ಯಾಯವಾದ ಕಾರಣವಿದೆ. ಕೇಳಿ, ಆಮೇಲೆ ನೀವೇ ಹೇಳಿ.

ನಮ್ಮಪ್ಪನದು ಯಲಹಂಕದಲ್ಲಿ ಶಾಮಿಯಾನದ ಅಂಗಡಿ. ಎಪ್ಪತ್ತರ ದಶಕದ ಕೊನೆಯಲ್ಲಿ ಅವನೊಂದು ಸೆಕೆಂಡ್ ಹ್ಯಾಂಡ್ ಪಿಕಪ್ ಗಾಡಿ ಕೊಂಡ. ಬಿದಿರಿನ ಗಳು, ಬಟ್ಟೆ, ಜಮಖಾನೆ, ಕಬ್ಬಿಣದ ಕುರ್ಚಿ, ಕೊಪ್ಪರಿಗೆ, ಕೊಳಗ, ಬಕೆಟ್ಟು, ಸೌಟು, ಎಲ್ಲವೂ ಅದರ ಬೆನ್ನಿನ ಮೇಲೆ. ಆ ಸಾಮಾನು ಹೇರಿಕೊಂಡು ಗಾಡಿ ಬ್ಯಾಟರಾಯನಪುರ ದಾಟುತ್ತಿದ್ದರೆ ಜಕ್ಕೂರಿನಿಂದ ಮೇಲೆದ್ದ ಪುಟ್ಟ ವಿಮಾನದ ಸದ್ದೂ ಒಳಗಿದ್ದವರಿಗೆ ಕೇಳಿಸುತ್ತಿರಲಿಲ್ಲ. ಓಡಿಸುವವನು ಅಪ್ಪ, ಪಕ್ಕದಲ್ಲಿ ಅಮ್ಮ. ಪಾತ್ರೆಗಳನ್ನು ಎಣಿಸಿ ಕೊಡುವುದು, ಎಣಿಸಿ ವಾಪಸು ತರುವುದು ಅಮ್ಮನ ಕೆಲಸ. ಎಷ್ಟು ಎಚ್ಚರವಾಗಿದ್ದರೂ ಪ್ರತಿ ಮದುವೆಯಲ್ಲೂ ಒಂದೆರಡು ಸೌಟು ಹೆಣ್ಣಿನ ಜೊತೆಗೇ ಗಂಡನ ಮನೆಗೆ ಹೋಗಿಬಿಡುತ್ತಿದ್ದವು.

ಒಂದು ದಿನ ಮೇಖ್ರಿ ಸರ್ಕಲ್ಲಿನಲ್ಲಿ ಯಶವಂತಪುರದ ಕಡೆಗೆ ತಿರುಗುವಾಗ ಅಮ್ಮ ಹೇಳಿದಳು:

"ರೀ, ಸ್ಟೇರಿಂಗ್ ತಿರುಗ್ಸಿದ್ರೆ ಕೆಳಗಡೆ ಕಟಕ್ ಅನ್ನುತ್ತೆ."

"ಹಿಂದೆ ಅಷ್ಟೊಂದು ಪಾತ್ರೆ ಇದೆ ಕಣೇ. ಕಟಕ್ ಅನ್ದೆ ಇನ್ನೇನು ವೀಣೆ ನುಡಿಯುತ್ತಾ?"

"ಪಾತ್ರೆ ಸದ್ದು ಕಿವಿಗೆ ಕೇಳುತ್ತೆ. ಇದು ಪಾದಕ್ಕೆ ಕೇಳ್ತಾ ಇದೆ."

ಅಷ್ಟೇ ಸಾಕಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಅಮ್ಮನ ಪಾದಕ್ಕೆ ಕಿವಿ ಹುಟ್ಟಿತು. ಬಂದ ನೆಂಟರಿಗೆಲ್ಲ ಅಪ್ಪ ಅದನ್ನೇ ಹೇಳುವುದು, ಅವರು ನಗುವುದು. ಸ್ಟೇರಿಂಗ್ ಸ್ವಲ್ಪ ಆಡುತ್ತಿದೆ ಎಂದು ಅವನಿಗೂ ಗೊತ್ತಿತ್ತು. ಹಳೇ ಗಾಡಿ ಅಂದಮೇಲೆ ಅದೆಲ್ಲ ಇದ್ದದ್ದೇ ಎನ್ನುತ್ತಿದ್ದ.

ಅಮ್ಮ ಬಿಡಲಿಲ್ಲ. ಅವಳ ಕಾಟ ತಡೆಯಲಾರದೆ ಅಪ್ಪ ಗಾಡಿಯನ್ನು ಆರ್.ಟಿ. ನಗರದ ಮೆಕ್ಯಾನಿಕ್ ಖಾದರ್ ಸಾಬರ ಬಳಿ ಒಯ್ದ. ಖಾದರ್ ಸಾಬರು ಒಳ್ಳೆಯ ಕೆಲಸಗಾರರು, ಇಲ್ಲ ಎನ್ನುವುದಿಲ್ಲ. ಆದರೆ ಸಾಮಾನು ತುಂಬಿದ ಗಾಡಿಯನ್ನು ಅವರು ಮುಟ್ಟುತ್ತಿರಲಿಲ್ಲ. ಖಾಲಿ ಮಾಡಿಕೊಂಡು ಬನ್ನಿ ಎನ್ನುವರು. ಖಾಲಿ ಗಾಡಿಯಲ್ಲಿ ಗಂಗಾನಗರದವರೆಗೆ ಒಂದು ಸುತ್ತು ಹೊಡೆದು ಬಂದು, "ಮಕ್ಖನ್ ಐತೆ ಸಾರ್ ಗಾಡಿ, ಬೆಣ್ಣೆ," ಎಂದರು. ಅಮ್ಮ ಒಂದು ಪ್ರಶ್ನೆ ಕೇಳಿದಳು. ಉತ್ತರ ಅಪ್ಪನಿಗೆ ಹೋಯಿತು: "ಅಮ್ಮಾವ್ರು ಸುಮ್ನೆ ಹೆದರ್ಕೊಂಡವ್ರೆ ಸಾರ್." ಅಮ್ಮ ಇನ್ನೊಂದು ಕೇಳಿದಳು. ಅದರ ಉತ್ತರವೂ ಅಪ್ಪನಿಗೇ. ಅಲ್ಲಿ ಅವಳು ನಿಂತಿರುವುದು ಯಾರ ಕಣ್ಣಿಗೂ ಬಿದ್ದಂತಿರಲಿಲ್ಲ. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಈ ಸದ್ದಿನ ಕಳ್ಳಾಟ ಎಂಥದು ನೋಡಿ. ಗಾಡಿಯಲ್ಲಿ ಭಾರವಿದ್ದರೆ ಸದ್ದು ಬರುತ್ತಿತ್ತು, ಆದರೆ ಪಾತ್ರೆಗಳ ಗಲಾಟೆಯಲ್ಲಿ ಕೇಳುತ್ತಿರಲಿಲ್ಲ. ಪಾತ್ರೆ ಇಳಿಸಿದರೆ ಕೇಳಬಹುದಿತ್ತು, ಆದರೆ ಆಗ ಸದ್ದೇ ಇರುತ್ತಿರಲಿಲ್ಲ. ಎರಡು ಸಲ ಗ್ಯಾರೇಜಿಗೆ ಹೋಗಿದ್ದಾಯಿತು. ಗ್ರೀಸ್ ತುಂಬಿದರು, ಚಕ್ರ ತಿರುಗಿಸುವ ರಾಡಿನ ತುದಿಯ ಜಾಯಿಂಟು ಬದಲಾಯಿಸಿದರು. ಅಮ್ಮನ ಕಾಲಡಿಯ ಕಟಕ್ ಹಾಗೆಯೇ ಇತ್ತು. ಕೊನೆಗೆ ಯಾರೋ ದೃಷ್ಟಿಯಾಗಿದೆ ಎಂದರು. ಅಪ್ಪ ಅಂದೇ ಹೋಗಿ ಬಂಪರಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದ. ಕಟ್ಟಿಕೊಂಡ ಹೆಂಡತಿ ವಾರಗಟ್ಟಲೆ ಹೇಳಿದ್ದಕ್ಕಿಲ್ಲದ ಮರ್ಯಾದೆ ಒಂದು ನಿಂಬೆಹಣ್ಣಿಗೆ!

ಆ ವರ್ಷ ನಾನು ಪಿಯುಸಿ. ಒಂದೇ ದಿನ ಎರಡು ಮದುವೆ ಬಿದ್ದವು, ಒಂದು ಯಲಹಂಕದಲ್ಲೇ, ಇನ್ನೊಂದು ಯಶವಂತಪುರದಲ್ಲಿ. ಅಮ್ಮ ಊರಿನ ಮದುವೆ ನೋಡಿಕೊಳ್ಳುವುದು, ನಾನು ಅಪ್ಪನ ಜೊತೆ ಗಾಡಿಯಲ್ಲಿ ಹೋಗಿ ಪಾತ್ರೆ ಎಣಿಸಿ ಕೊಡುವುದು ಎಂದು ತೀರ್ಮಾನವಾಯಿತು. ನನಗೋ ಹಿಗ್ಗು. ಮುಂದಿನ ಸೀಟಿನಲ್ಲಿ ಕೂತು ಹೋಗಲು ಯಾವ ಲಂಗ ದಾವಣಿ ಉಡಬೇಕೆಂದು ಯೋಚಿಸುತ್ತಿದ್ದೆ. ಮದುವೆಯ ಹಿಂದಿನ ದಿನ ಮಧ್ಯಾಹ್ನ ಅಪ್ಪ ಸಾಮಾನು ಹೇರಲು ಹೊರಟರೆ ಮೊಳೆಯಲ್ಲಿ ಗಾಡಿಯ ಕೀ ಇರಲಿಲ್ಲ. ಅದು ಅಮ್ಮನ ಸೊಂಟದಲ್ಲಿತ್ತು.

"ಕೊಡೇ, ಹೊತ್ತಾಯ್ತು."

"ಕೊಡಲ್ಲ."

"ಏನ್ ತಮಾಷೆನಾ? ಮದುವೆ ಮನೆಯೋರು ನಾಳೆ ಬೆಳಿಗ್ಗೆ ಒಲೆ ಹಚ್ಬೇಕು!"

"ನಾನಾದ್ರೆ ಹೇಗೋ ಕೂತ್ಕೋತಿದ್ದೆ. ಮಗಳನ್ನ ಕೂರ್ಸಲ್ಲ. ಆ ಸದ್ದು ಏನು ಅಂತ ಗೊತ್ತಾಗೋವರ್ಗೂ ಗಾಡಿ ಹೊರಡಲ್ಲ. ಖಾದರ್ ಸಾಬ್ರನ್ನ ಇಲ್ಲಿಗೇ ಕರ್ಸಿ."

ಅಪ್ಪ ಕೂಗಾಡಿದ. ಅಮ್ಮ ಸೊಂಟದ ಮೇಲಿನ ಕೈ ತೆಗೆಯಲಿಲ್ಲ. ಬೇರೆ ದಾರಿಯಿಲ್ಲದೆ ಫೋನಿದ್ದವರ ಮನೆಗೆ ಹೋಗಿ ಹೇಳಿ ಕಳಿಸಿದ. ಖಾದರ್ ಸಾಬರು ಸ್ಕೂಟರಿನಲ್ಲಿ ಬಂದವರೇ ಗಾಡಿ ಖಾಲಿ ಇದೆಯಲ್ಲ, ಒಂದು ಸುತ್ತು ನೋಡುತ್ತೇನೆ ಎಂದರು.

"ಖಾಲಿ ಬೇಡ," ಎಂದಳು ಅಮ್ಮ. "ಭಾರ ಇರ್ಬೇಕು, ಸದ್ದು ಇರ್ಬಾರ್ದು."

ಭಾರವಿದ್ದೂ ಸದ್ದು ಮಾಡದ ವಸ್ತು ನಮ್ಮ ಅಂಗಡಿಯಲ್ಲಿ ಜಮಖಾನೆ, ಶಾಮಿಯಾನದ ಬಟ್ಟೆ ಎರಡೇ. ಅವೆಲ್ಲ ಬಾಡಿಗೆಗೆ ಹೋಗಿದ್ದವು. ಅಮ್ಮ ಬೀದಿಗೆ ಇಳಿದು ಮನೆಮನೆಯ ಹೆಂಗಸರನ್ನು ಕರೆದುಕೊಂಡು ಬಂದಳು. ಸಂತೆ ಮೈದಾನದಲ್ಲಿ, ಆಳು ನಡೆಯುವಷ್ಟು ನಿಧಾನವಾಗಿ ಗಾಡಿ ಓಡಿಸುವುದು, ಇವರು ಹಿಂದೆ ಕೂರುವುದು, ಅಷ್ಟೇ. ಹತ್ತುವಾಗ ಏನು ನಗು, ಏನು ನೂಕಾಟ! ಪಕ್ಕದ ಮನೆ ಗೌರಮ್ಮನವರು ನಿದ್ದೆಯಲ್ಲೂ ಮಾತಾಡುವವರು. ಅವರು, "ಇಂಗೆ ಬಾಯ್ ಮುಚ್ಕಂಡ್ ಎಷ್ಟೊತ್ತು ಕುಂತಿರ್ಬೇಕವ್ವಾ?" ಎಂದು ಕೇಳಿಯೇ ಕೇಳಿದರು. "ಗಾಡಿ ಎರಡು ಸಲ ತಿರುಗೋವರ್ಗೂ. ಬಳೆಗೂ ಸೆರಗು ಸುತ್ಕೊಳ್ರಮ್ಮಾ," ಎಂದಳು ಅಮ್ಮ. ಎಲ್ಲರೂ ಬಳೆಯ ಮೇಲೆ ಸೆರಗು ಸುತ್ತಿಕೊಂಡು ಕೂತರು. ನಾನೂ ಅವರ ನಡುವೆ ಕೂತಿದ್ದೆ. ಅಷ್ಟು ಹೆಂಗಸರು ಅಷ್ಟು ಮೌನವಾಗಿದ್ದದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಅಮ್ಮನಿಂದ ಕೀ ಇಸಕೊಂಡ ಅಪ್ಪ ಮೈದಾನದಲ್ಲಿ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದ. ಕಟಕ್! ಎಡಕ್ಕೆ ತಿರುಗಿಸಿದ. ಕಟಕ್!

"ಅಯ್ಯೋ ಶಿವನೇ, ನಂಗೂ ಕೇಳ್ತು!" ಎಂದು ಗೌರಮ್ಮನವರು ಕಿರುಚಿದರು.

ಖಾದರ್ ಸಾಬರು ಗಾಡಿ ನಿಲ್ಲಿಸಲು ಹೇಳಿ, ಚಕ್ರಗಳಿಗೆ ಕಲ್ಲು ಕೊಟ್ಟು ಕೆಳಗೆ ನುಗ್ಗಿದರು. ಹೆಂಗಸರು ಮೇಲೆಯೇ ಇದ್ದರು, ಅಪ್ಪ ಸ್ಟೇರಿಂಗ್ ಆ ಕಡೆ ಈ ಕಡೆ ಆಡಿಸುತ್ತಿದ್ದ. ಸ್ಟೇರಿಂಗ್ ಬಾಕ್ಸನ್ನು ಗಾಡಿಯ ಅಡಿಯ ಚೌಕಟ್ಟಿಗೆ ಹಿಡಿದಿಡುವ ಬೋಲ್ಟುಗಳಲ್ಲಿ ಒಂದು ಎಲ್ಲೋ ಬಿದ್ದೇ ಹೋಗಿತ್ತು. ಉಳಿದವು ಸಡಿಲ. ಭಾರ ಬಿದ್ದಾಗ ತಿರುಗಿಸಿದರೆ ಇಡೀ ಬಾಕ್ಸೇ ಜರುಗಿ ಬಡಿಯುತ್ತಿತ್ತು. ಅದು ಕಳಚಿಕೊಂಡರೆ ಸ್ಟೇರಿಂಗ್ ಒಂದು ಕಡೆ, ಗಾಡಿ ಒಂದು ಕಡೆ. ಖಾದರ್ ಸಾಬರು ಹೊರಗೆ ಬಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ. "ಹಿಂಗೇ ಹೋಗಿದ್ರೆ ಏನಾಗ್ತಿತ್ತೋ ಸಾರ್. ದೇವ್ರು ದೊಡ್ಡೋನು," ಎಂದರು. ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬೋಲ್ಟು ಬಿಗಿದ ಮೇಲೆ, ಅಮ್ಮನ ಮಾತನ್ನು ಎದುರಿಗೇ ನಿಂತು ಕೇಳಿದ್ದ ಖಾದರ್ ಸಾಬರು ಅಪ್ಪನ ಕೈ ಕುಲುಕಿ, "ಏನ್ ತಲೆ ಸಾರ್ ನಿಮ್ದು! ಹೆಂಗಸ್ರನ್ನ ಲೋಡ್ ಮಾಡಿ ಟೆಸ್ಟು! ನಮ್ ಲೈನಲ್ಲೇ ಯಾರಿಗೂ ಹೊಳೆದಿಲ್ಲ," ಎಂದರು. ಅಪ್ಪ ಮುಗುಳ್ನಕ್ಕ. ಬರೀ ಮುಗುಳ್ನಕ್ಕ, ಅಷ್ಟೇ! 'ನಂದಲ್ಲ, ಇವಳದು' ಎನ್ನಲು ಎಷ್ಟು ಹೊತ್ತು ಬೇಕು? ಆಗ ಅಮ್ಮ ಗೌರಮ್ಮನವರ ಕೈ ಹಿಡಿದು ಗಾಡಿಯಿಂದ ಇಳಿಸುತ್ತಿದ್ದಳು.

ಆ ನಗು ದೊಡ್ಡ ಕಥೆಯಾಗಿ ಬೆಳೆಯಿತು. ಮದುವೆ ಮನೆಗಳಲ್ಲಿ, ಹಬ್ಬದೂಟದ ಎಲೆಯ ಮುಂದೆ, ನನ್ನ ಮದುವೆಯ ಮಾತುಕತೆಯಲ್ಲಿ ಕೂಡ ಅಪ್ಪ ಅದನ್ನು ಹೇಳಿದ. "ನಮ್ಮನೆಯೋಳಿಗೆ ಗಾಡಿ ಅಂದ್ರೆ ಭಯ. ಆಗ ನನಗೊಂದು ಐಡಿಯಾ ಹೊಳೀತು ನೋಡಿ..." ಅಪ್ಪ ಕೆಟ್ಟವನಲ್ಲ. ಒಂದು ದಿನವೂ ಅವಳನ್ನು ಬಿಟ್ಟು ಊಟ ಮಾಡಿದವನಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಒಮ್ಮೆ ಅಮ್ಮನನ್ನು ಕೇಳಿದೆ, ನೀನ್ಯಾಕೆ ಸುಮ್ಮನಿರುತ್ತೀ ಎಂದು. "ಬೋಲ್ಟ್ ಬಿಗಿ ಆಯ್ತಲ್ಲ, ಬಿಡು," ಎಂದಳು. ಅವಳು ಬಿಟ್ಟಿದ್ದಾಳೆ, ಅವಳ ಪರವಾಗಿ ನಾನಾದರೂ ಹಿಡಿದುಕೊಂಡಿರಬೇಕು ಎಂದುಕೊಂಡೆ. ಬಿಡದೆ ಹಿಡಿದುಕೊಂಡೆ.

ಕಳೆದ ಭಾನುವಾರ ನಾಮಕರಣದ ಊಟ ಮುಗಿಸಿ ಯಲಹಂಕಕ್ಕೆ ಹೋಗಬೇಕಿತ್ತು. ನನ್ನ ಮಗಳ ಮದುವೆ ಗೊತ್ತಾಗಿದೆ. ಹೊಸ ಬೀಗರು ಅಪ್ಪ ಅಮ್ಮನನ್ನು ನೋಡಲು ಬರುವವರಿದ್ದರು. ಬಂದರು, ಕೂತರು, ಕೋಡುಬಳೆ ಮುರಿದರು. ಅಪ್ಪ ಶುರುಮಾಡಿದ. ಪಿಕಪ್ಪು, ಮೇಖ್ರಿ ಸರ್ಕಲ್ಲು, ಪಾದಕ್ಕೆ ಕಿವಿ. ಬೀಗರು ನಕ್ಕರು. "ಆಗ ನನಗೊಂದು ಐಡಿಯಾ..."

"ಅದು ಅಮ್ಮನ ಐಡಿಯಾ ಅಪ್ಪ."

ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು ಮಾತು. ಬೀಗರು ತಟ್ಟೆಯನ್ನು ಕೆಳಗಿಟ್ಟರು. ನನ್ನ ಗಂಡ ಸೂರು ನೋಡಿದರು. ಅಪ್ಪ ನನ್ನನ್ನೇ ನೋಡಿದ. ಅವನ ಮುಖದಲ್ಲಿ ಸುಳ್ಳಿರಲಿಲ್ಲ, ನಿಜವಾಗಿಯೂ ಮರೆತಿದ್ದ. ಹೇಳಿ ಹೇಳಿ ಅದು ಅವನದೇ ಆಗಿಹೋಗಿತ್ತು. ನಿಧಾನವಾಗಿ ಅಮ್ಮನ ಕಡೆ ತಿರುಗಿ, "ಹೌದೇನೇ? ನಿಂದಾ ಅದು?" ಎಂದ.

"ನಂದೇ," ಎಂದಳು ಅಮ್ಮ. "ಕೀ ಬಚ್ಚಿಟ್ಟಿದ್ದು ನಾನು. ಹೆಂಗಸ್ರನ್ನ ಕರ್ಕೊಂಡ್ ಬಂದಿದ್ದು ನಾನು. ಖಾದರ್ ಸಾಬ್ರು ನಿಮ್ಮ ಕೈ ಕುಲುಕ್ದಾಗ ನಾನು ಅಲ್ಲೇ, ಗಾಡಿ ಹಿಂದೇನೇ ಇದ್ದೆ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಇವತ್ತೇ ಅಲ್ವಾ ಕೇಳಿದ್ದು."

ಅವಳು ಬಿಟ್ಟಿದ್ದಾಳೆ ಎಂದುಕೊಂಡಿದ್ದೆನಲ್ಲ, ಒಂದಿಷ್ಟೂ ಬಿಟ್ಟಿರಲಿಲ್ಲ. ನನ್ನ ಸಿಟ್ಟು ಅವಳ ಸಿಟ್ಟಿನ ಮುಂದೆ ನಿನ್ನೆ ಮೊನ್ನೆಯದು. ಬೀಗಿತ್ತಿ ಕುರ್ಚಿಯನ್ನು ಅಮ್ಮನ ಹತ್ತಿರಕ್ಕೆ ಎಳೆದುಕೊಂಡು, "ಮೊದಲಿಂದ ನೀವೇ ಹೇಳಿ ಅಮ್ಮಾ," ಎಂದರು. ಅಮ್ಮ ಸೆರಗು ಸರಿಮಾಡಿಕೊಂಡು ಹೇಳತೊಡಗಿದಳು. ಅಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ಆ ಕಥೆಯನ್ನು ಮೊದಲ ಸಲ ಕೇಳಿಸಿಕೊಂಡ.