ಬಾಯಿಗೆ ಹಾಕಿ ನೋಡಿದ ನೀರು

ಹುಮನಾಬಾದಿನ ನಮ್ಮ ಓಣಿಯಲ್ಲಿ ಗಿಡ ಬೆಳೆಸುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಇವರಿಗೆ ಗಿಡ ಬೇಕು, ಅದರ ಫೋಟೋ ಬೇಕು. ಅದಕ್ಕೆ ಎಂಥ ನೀರು ಬೇಕು ಎಂದು ಕೇಳುವ ಪುಣ್ಯಾತ್ಮ ಒಬ್ಬನೂ ಇಲ್ಲ. ಎದುರು ಮನೆಯ ನಿವೃತ್ತ ಸಾಹೇಬರನ್ನೇ ನೋಡಿ. ಅಡುಗೆಮನೆಯ ಫಿಲ್ಟರು ಹೊರಗೆ ಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ತುಳಸಿಗೆ ಸುರಿಯುತ್ತಾರೆ. 'ಒಂದ ಹನಿ ನೀರ ಸುದ್ದಾ ಹಾಳ ಮಾಡಂಗಿಲ್ಲ ನೋಡ್ರಿ ನಾ' ಎಂದು ಎದೆಯುಬ್ಬಿಸುತ್ತಾರೆ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ಬಕೆಟ್ಟಿನಲ್ಲೇ ಇರುತ್ತದೆ ಎಂದು ನಾನು ಎಷ್ಟು ಸಲ ಬಡಕೊಂಡೆನೋ. ಕೇಳಿದರೆ ತಾನೆ! ತುಳಸಿ ಒಣಗುತ್ತದೆ, ಇನ್ನೊಂದು ತರುತ್ತಾರೆ, ಅದೂ ಒಣಗುತ್ತದೆ, ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಕಟ್ಟುತ್ತಾರೆ. ಪಕ್ಕದ ಮನೆಯಾಕೆ ಇನ್ನೂ ಒಂದು ಕೈ ಮೇಲು. ಯಾವುದೋ ವೀಡಿಯೋ ನೋಡಿ ಕರಿಬೇವಿನ ಬುಡಕ್ಕೆ ಸಕ್ಕರೆ ಹಾಕಿದ ಚಹಾ ಸುರಿದು ಇರುವೆಗಳಿಗೆ ಮದುವೆಯೂಟ ಹಾಕಿಸಿದಳು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಗಡಸು ನೀರು, ಮೆದು ನೀರು ಎಂಬ ಪಾಠವನ್ನು ಎಂಟನೇ ಇಯತ್ತೆಗೆ ಎಷ್ಟು ವರ್ಷ ಕಲಿಸಿದ್ದೇನೋ ಲೆಕ್ಕವಿಲ್ಲ. ಎರಡು ಬಾಟಲಿ, ಒಂದು ತುಂಡು ಸಬೂನು. ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಮಳೆಯ ನೀರು. ಅಲ್ಲಾಡಿಸಿದರೆ ಮಳೆಯ ನೀರಿನಲ್ಲಿ ಕುತ್ತಿಗೆವರೆಗೆ ನೊರೆ, ಬೋರಿನ ನೀರಿನಲ್ಲಿ ಬಿಳಿ ಗಸಿ. ಅದರ ಜೊತೆಗೆ ಇನ್ನೊಂದು ಮಾತನ್ನೂ ಪ್ರತಿ ವರ್ಷ ಹೇಳುತ್ತೇನೆ: ಪ್ರಯೋಗಾಲಯದಲ್ಲಿ ಯಾವುದನ್ನೂ ನಾಲಿಗೆಗೆ ತಾಗಿಸಬಾರದು, ಅದು ಅನಕ್ಷರಸ್ಥರ ಪರೀಕ್ಷೆ.

ಆ ಮಾತು ಹೇಳುವಾಗಲೆಲ್ಲ ನನ್ನ ಕಣ್ಣ ಮುಂದೆ ಇರುತ್ತಿದ್ದವಳು ನನ್ನ ಅವ್ವ.

ಬಸವಕಲ್ಯಾಣದ ನಮ್ಮ ತವರುಮನೆಯ ಹಿತ್ತಲಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲು ಕೊರೆದು ತೋಡಿದ ಬಾವಿಯಿದೆ. ಅದರ ಪಕ್ಕದಲ್ಲಿ ಅವ್ವನ ದುಂಡುಮಲ್ಲಿಗೆ ಇತ್ತು. ಅವ್ವ ಕೊಡ ಎತ್ತಿದ ಕೂಡಲೇ ಗಿಡಕ್ಕೆ ನೀರು ಹಾಕುತ್ತಿರಲಿಲ್ಲ. ಮೊದಲು ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಗಲ್ಲದಲ್ಲಿ ಆಚೆ ಈಚೆ ಹೊರಳಿಸಿ, ಉಗುಳಿ, ಆಮೇಲೆ ಹಾಕುತ್ತಿದ್ದಳು. ಬೇಸಿಗೆಯಲ್ಲಿ ಬಾವಿಯ ತಳದ ನೀರಿನ ರುಚಿ ಕೆಟ್ಟರೆ ಗಿಡಕ್ಕೆ ಅರ್ಧ ತಂಬಿಗೆಯಷ್ಟೇ. 'ನಾವ ಬಾಯಾಗ ಇಟ್ಕೊಳ್ಳಲಾರದ್ದ ಅದ್ಯಾಕ ಕುಡೀಬೇಕು? ಪಾಪ, ಅದಕ ಉಗುಳಾಕ ಬರ್ತದೇನು?' ಎನ್ನುವಳು. ನಾನು ಬಿ.ಎಸ್ಸಿ. ಓದುತ್ತಿದ್ದ ಹುಡುಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಅವ್ವ ತೀರಿಹೋದ ಮರುವರ್ಷ ನನ್ನ ತಮ್ಮ ಹಿತ್ತಲಿಗೆ ಸಿಮೆಂಟು ಹಾಕಿಸುವುದಾಗಿ ಹೇಳಿದ. ಕಾರು ನಿಲ್ಲಿಸಲು ಜಾಗ ಬೇಕಂತೆ. ಬಾವಿಯಾದರೂ ಉಳಿಯಿತು, ಅದನ್ನು ಮುಚ್ಚಲು ಇವನ ಹೆಂಡತಿ ಬಿಡಲಿಲ್ಲ. ಗಿಡದ ಬುಡದ ಮೇಲೆ ಮಾತ್ರ ಸಿಮೆಂಟು ಬರುವುದಿತ್ತು. ನಾನು ಹೋಗಿ ಗಿಡವನ್ನು ಬೇರುಸಮೇತ ಎಬ್ಬಿಸಿ ದೊಡ್ಡ ಕುಂಡದಲ್ಲಿ ಇಟ್ಟೆ. ತಮ್ಮನ ಹೆಂಡತಿ ಹತ್ತಿರ ಬಂದು, 'ಅಕ್ಕಾರ, ಒಂದ ಟೊಂಗಿ ನನಗ ಬಿಟ್ಟ ಹೋಗ್ರಿ, ಡಬ್ಬ್ಯಾಗ ಹಚ್ಕೋತೀನಿ' ಅಂದಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ನಿರ್ಣಾ ಕಡೆಯ ಹೊಲಮನೆಯಿಂದ ಬಂದವಳು, ಅವ್ವನ ಹಿಂದೆ ಹಿಂದೆ ಸುತ್ತಿ ಅವ್ವನ ಹಾಗೆಯೇ ನೀರು ಮುಕ್ಕಳಿಸಿ ಉಗುಳಲು ಕಲಿತವಳು. ನಾನು ಅಂದೆ, 'ಗಂಡಗ ಹೇಳಿ ನಾಲ್ಕ ಫೂಟ ಮಣ್ಣ ಉಳಿಸ್ಕೊಳ್ಳಾಕ ಆಗಲಿಲ್ಲ ನಿನಗ. ಗಿಡದ ಕಿಮ್ಮತ್ತ ನಿನಗೇನ ಗೊತ್ತು?' ಒಂದು ಟೊಂಗೆಯನ್ನೂ ಬಿಡದೆ ತಂದೆ. ಅವ್ವನ ಮಲ್ಲಿಗೆ ಎಂಬುದು ಆಗ ಭೂಮಿಯ ಮೇಲೆ ಇದ್ದರೆ ನನ್ನ ಕುಂಡದಲ್ಲಿ ಮಾತ್ರ.

ಹುಮನಾಬಾದಿನ ನಮ್ಮ ಮನೆಯ ಬೋರಿನ ನೀರು ಕಲ್ಲಿನಂಥ ಗಡಸು. ನಳಗಳ ಬಾಯಲ್ಲೆಲ್ಲ ಬಿಳಿ ಹೆಪ್ಪು. ಅಂಥ ನೀರನ್ನು ಅವ್ವನ ಗಿಡಕ್ಕೆ ಹಾಕಲು ನಾನೇನು ಎದುರು ಮನೆಯ ಸಾಹೇಬರೇ? ಮನೆಯವರನ್ನು ಒಪ್ಪಿಸಿ ಗಡಸು ತೆಗೆಯುವ ಮಷೀನು ಕೂಡಿಸಿದೆ. ಮಾರಲು ಬಂದವನು ಟೈ ಕಟ್ಟಿಕೊಂಡಿದ್ದ, ಏನು ಕೇಳಿದರೂ ಹಲ್ಲು ಕಿರಿಯುತ್ತಿದ್ದ. ಅವನಿಗೇ ನಾನು ಅರ್ಧ ಗಂಟೆ ಪಾಠ ಮಾಡಿ ಕಳಿಸಿದೆ. ಮಷೀನಿನ ನೀರಿನಲ್ಲಿ ಸಬೂನು ತಿಕ್ಕಿದರೆ, ಅಬ್ಬಾ, ಮೊಣಕೈವರೆಗೆ ನೊರೆ! ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದೆ. ಆ ನೀರನ್ನೇ ಮಲ್ಲಿಗೆಗೆ ದಿನಾ ಬೆಳಿಗ್ಗೆ ಒಂದು ತಂಬಿಗೆ ಹಾಕತೊಡಗಿದೆ.

ಎರಡು ತಿಂಗಳಲ್ಲಿ ಎಲೆಗಳ ಅಂಚು ಕಂದಿತು. ನರ್ಸರಿಯವನು ಬಿಸಿಲು ಜಾಸ್ತಿ ಅಂದ, ಮಣ್ಣಂಗಟ್ಟಿ. ಸಾಹೇಬರು ದೃಷ್ಟಿ ಅಂದರು. ಚಹಾದಾಕೆ ಚಹಾ ಅಂದಳು. ನಾನು ಎಲ್ಲರನ್ನೂ ಬಾಯಿ ಮುಚ್ಚಿಸಿ, ನೀರು ಸಾಲುತ್ತಿಲ್ಲ ಎಂದು ತೀರ್ಮಾನಿಸಿ, ಎರಡು ತಂಬಿಗೆ ಮಾಡಿದೆ. ಎಲೆಗಳು ಅರ್ಧಕ್ಕೆ ಸುಟ್ಟುಹೋದವು. ಮೊಗ್ಗು ಕಡಲೆಯಷ್ಟಾಗಿ ಉದುರತೊಡಗಿದವು. ಬೆಳಿಗ್ಗೆ ಎದ್ದು ಆ ಕುಂಡದ ಕಡೆ ಹೋಗಲು ಹೆದರಿಕೆಯಾಗುತ್ತಿತ್ತು. ಇದೊಂದು ಹೋದರೆ ಅವ್ವನ ಕೈಯದೆಂದು ಹೇಳಿಕೊಳ್ಳಲು ಏನೂ ಇರಲಿಲ್ಲ.

ಅದೇ ವಾರ ತಮ್ಮನ ಹೆಂಡತಿ ಯಾರದೋ ಮದುವೆಗೆಂದು ಹುಮನಾಬಾದಿಗೆ ಬಂದವಳು ನಮ್ಮ ಮನೆಗೂ ಬಂದಳು. ನಾನು ಗಿಡಕ್ಕೆ ನೀರು ಹಾಕುತ್ತಿದ್ದೆ. ಗಿಡ ನೋಡಿದವಳೇ ನನ್ನ ತಂಬಿಗೆಯಿಂದ ಒಂದು ಬೊಗಸೆ ತೆಗೆದು ಬಾಯಿಗೆ ಹಾಕಿಕೊಂಡಳು. ಗಲ್ಲದಲ್ಲಿ ಹೊರಳಿಸಿದಳು. ಉಗುಳಿದಳು.

'ಅಕ್ಕಾರ, ಇದಕ ಉಪ್ಪ ಹಾಕಾಕತ್ತೀರೇನ್ರಿ?'

ನನಗೆ ಪಿತ್ತ ನೆತ್ತಿಗೇರಿತು. 'ಇದು ಮೆದು ನೀರು. ಸಬೂನ ಹಚ್ಚಿ ನೋಡು. ನಿಮ್ಮ ಬಾವ್ಯಾಗ ಇಂಥ ನೀರ ಕನಸಿನ್ಯಾಗೂ ಬರಂಗಿಲ್ಲ. ನಾಲಿಗಿ ಹಚ್ಚಿ ನೀರ ನೋಡಾಕ ಇದು ಸಾರಲ್ಲ.'

ಆಕೆ ಜಗಳವಾಡಲಿಲ್ಲ. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಮೆಟ್ಟಿಲ ಕೆಳಗೆ, ಮಷೀನಿನ ಪಕ್ಕದಲ್ಲಿ ಇಟ್ಟಿದ್ದ ಚೀಲಗಳನ್ನು ನೋಡಿದಳು. ಮಷೀನನ್ನು ತೊಳೆಯಲು ವಾರಕ್ಕೊಮ್ಮೆ ಹಾಕುವ ಉಪ್ಪು ಅದು.

'ಆ ಚೀಲದಾಗೇನದರಿ?'

'ಉಪ್ಪು. ಮಷೀನಿಗೆ ಬೇಕಾಗ್ತದ.'

'ಹೌದ್ರಿ? ಮತ್ತ ಅಷ್ಟ ಉಪ್ಪ ಎಲ್ಲಿ ಹೋಗ್ತದರಿ?'

ನಾನು ಬಾಯಿ ತೆರೆದೆ. ಉತ್ತರ ನನಗೆ ಗೊತ್ತಿತ್ತು. ಮಷೀನು ನೀರಿನ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಅದರ ಬದಲಿಗೆ ಉಪ್ಪಿನ ಸೋಡಿಯಂ ಬಿಡುತ್ತದೆ. ಹೆಚ್ಚಿನದು ಮೋರಿಗೆ ಹೋದರೂ ಒಂದು ಪಾಲು ನೀರಿನ ಜೊತೆಗೇ ಬರುತ್ತದೆ. ಇದೇ ಕೈಯಿಂದ ಇದನ್ನು ಹಲಗೆಯ ಮೇಲೆ ಬರೆದಿದ್ದೇನೆ, ಬಾಣದ ಗುರುತು ಹಾಕಿ, ಕೆಳಗೆ ಎರಡು ಗೆರೆ ಎಳೆದು. ಬಟ್ಟೆಗೆ ಒಳ್ಳೆಯದು, ಸಬೂನಿಗೆ ಒಳ್ಳೆಯದು. ಬೇರಿಗೆ ವಿಷ. ಸಾಹೇಬರು ಬಕೆಟ್ಟಿನಿಂದ ಹಾಕುವುದನ್ನು ನಾನು ಮಷೀನಿನಿಂದ ಹಾಕಿದ್ದೆ, ಅದೂ ಎರಡೆರಡು ತಂಬಿಗೆ. ಥೂ ನನ್ನ ಜನ್ಮಕ್ಕೆ!

'ಮೋರಿಗೆ ಹೋಗ್ತದ' ಅಂದೆ. ಆಗಲೂ ಸುಳ್ಳೇ.

ಆಕೆ ನನ್ನ ಮುಖ ನೋಡಲಿಲ್ಲ. ಅದೊಂದು ದೊಡ್ಡತನ ಮಾಡಿದಳು. 'ಗಿಡ ಒಯ್ಲೇನ್ರಿ ಅಕ್ಕಾರ?' ಎಂದಷ್ಟೇ ಕೇಳಿದಳು. ಕಾರಿನ ಹಿಂದಿನ ಸೀಟಿನಲ್ಲಿ ಕುಂಡ ಇಟ್ಟುಕೊಂಡು ತೊಡೆಯ ಮೇಲೆ ಟೊಂಗೆ ಒರಗಿಸಿಕೊಂಡು ಹೋದಳು.

ಬಾವಿಯ ನೀರನ್ನು ಕುಂಡದ ತಳದಿಂದ ಹರಿದುಹೋಗುವ ತನಕ ಕೊಡಗಟ್ಟಲೆ ಹಾಕಿ ಮಣ್ಣು ತೊಳೆದಳಂತೆ. ವಾರಕ್ಕೊಮ್ಮೆ ಹಾಗೆ. ಮೇಲಿನ ಟೊಂಗೆಗಳು ಸತ್ತವು, ಕತ್ತರಿಸಿ ಬಿಸಾಡಿದಳು. ಬುಡದಲ್ಲಿ ಒಂದು ಚಿಗುರು ಬಂತು. ಅದರ ಫೋಟೋ ನನಗೆ ಕಳಿಸಿದಳು. ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ಕೇಳಿದವರಿಗೆ ಸೀಮೆಸುಣ್ಣದ ಧೂಳು ಅಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಗಿಡ ಮೊಳಕಾಲೆತ್ತರವಾಯಿತು. ಒಯ್ಯಲು ಹೋದೆ. ಆಕೆ ಕುಂಡದ ಮುಂದೆ ನಿಂತಳು. 'ಮೊದಲ ಅಲ್ಲಿಂದ ನೀರ ತರ್ರಿ. ನಾ ಬಾಯಾಗ ಹಾಕಿ ನೋಡ್ತೀನಿ. ಆಮ್ಯಾಲ ಒಯ್ಯಿರಿ.' ಮಾತಿನಲ್ಲಿ ಸಿಟ್ಟಿರಲಿಲ್ಲ.

ಎಂಥ ಅವಮಾನ! ನಾನು, ಕಪಾಟಿನ ತುಂಬ ಪ್ರಯೋಗದ ವಹಿಗಳನ್ನು ಇಟ್ಟುಕೊಂಡವಳು, ಬಾಟಲಿಯಲ್ಲಿ ನೀರು ತುಂಬಿಕೊಂಡು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಕೂತು ಈಕೆಯ ನಾಲಿಗೆಯ ಮುಂದೆ ಪರೀಕ್ಷೆಗೆ ಹೋಗಬೇಕು. ಹೋದೆ. ಮೊದಲ ಸಲ ಮಷೀನು ಮುಟ್ಟದ ಬೋರಿನ ನೀರು ಒಯ್ದೆ. ಉಗುಳಿದಳು. ಎರಡನೆಯ ಸಲ ನಮ್ಮ ಅಡುಗೆಮನೆಯ ಫಿಲ್ಟರಿನ ಕುಡಿಯುವ ನೀರು. 'ಇದರಾಗ ಏನೂ ಇಲ್ಲರಿ, ಇದನ್ನ ಕುಡದ ಅದು ಏನ ಮಾಡಬೇಕು?' ಅಂದಳು. ಮೂರನೆಯ ಸಲ ಎರಡನ್ನೂ ಬೆರೆಸಿ, ಹಿಂದಿನ ದಿನವೇ ತೆರೆದಿಟ್ಟು, ಬಿಳಿ ಬಟ್ಟೆಯಲ್ಲಿ ಸೋಸಿ ಒಯ್ದೆ. ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡಳು. ಪಕ್ಕಕ್ಕೆ ತಿರುಗಿ ಮೆಲ್ಲಗೆ ಉಗುಳಿದಳು. 'ಮೊದಲಿನಕಿಂತ ಚಲೋ ಅದರಿ' ಅಂದಳು. ಕುಂಡದ ಮುಂದಿನಿಂದ ಮಾತ್ರ ಸರಿಯಲಿಲ್ಲ.

ನಾಲ್ಕನೆಯ ಸಲ ತಾರಸಿಯ ಮಳೆ ನೀರು. ಡ್ರಮ್ಮಿನಲ್ಲಿ ತುಂಬಿಟ್ಟದ್ದು, ನೋಡಲು ಕನ್ನಡಿಯಂತೆ ತಿಳಿ. ಬಾಟಲಿಗೆ ತುಂಬಿ, ಸೀರೆ ಉಟ್ಟು, ಬಸ್ ಸ್ಟ್ಯಾಂಡಿಗೆ ಹೋಗಿ ಕೂತೆ. ಬಸವಕಲ್ಯಾಣದ ಬಸ್ಸು ಬಂದು ನಿಂತಿತು. ಏಳುವ ಮೊದಲು ಏನನ್ನಿಸಿತೋ, ಮುಚ್ಚಳ ತೆಗೆದು ಒಂದು ಗುಟುಕು ಬಾಯಿಗೆ ಹಾಕಿಕೊಂಡು ಗಲ್ಲದಲ್ಲಿ ಆಚೆ ಈಚೆ ಹೊರಳಿಸಿದೆ. ಬಿಸಿಲಿಗೆ ಕಾದ ಡ್ರಮ್ಮಿನ ಪ್ಲಾಸ್ಟಿಕ್ ವಾಸನೆ, ಅದರ ಹಿಂದೆ ಪಾರಿವಾಳದ ಹಿಕ್ಕೆಯ ಕಹಿ. ನನ್ನ ಜೀವಮಾನದಲ್ಲಿ ನಾನೇ ರುಚಿ ನೋಡಿದ ಮೊದಲ ನೀರು ಅದು.

ಉಗುಳಿದೆ. ಬಸ್ಸು ಹತ್ತಲಿಲ್ಲ.