ಹುಸೇನಪ್ಪನ ಗಾಜು, ನಮ್ಮಮ್ಮನ ಸಂಡಿಗೆ

ಹಳೆಯ ಸ್ಪೋರ್ಟ್ಸ್ ಕಾರು ಕೊಂಡವನಿಗೆ ಬುದ್ಧಿಯಿಲ್ಲ ಎಂದು ಹೊಸಪೇಟೆಯೆಲ್ಲ ಆಡಿಕೊಂಡಿತು. ಊರಿನ ಮಾತನ್ನು ನಾನು ಸಾಮಾನ್ಯವಾಗಿ ಒಪ್ಪುವವನಲ್ಲ, ಇದನ್ನು ಮಾತ್ರ ಒಪ್ಪುತ್ತೇನೆ. ಎರಡು ಸಾವಿರದ ಆರನೇ ಇಸವಿ. ಅದಿರಿನ ದುಡ್ಡು ಕಂಡಿದ್ದ ಸಂಡೂರಿನ ಗುತ್ತಿಗೆದಾರರೊಬ್ಬರು ಹೊಸ ಕಾರು ತಂದರು; ಅವರಿಗೆ ಬೇಸರವಾಗಿದ್ದ ಎರಡು ಬಾಗಿಲಿನ ಬಿಳಿ ಜಪಾನಿ ಕಾರು ನನಗೆ ಗಂಟುಬಿತ್ತು. ಅದರ ಹೊಟ್ಟೆ ನೆಲದಿಂದ ನಾಲ್ಕು ಬೆರಳು ಮೇಲೆ. ಅದಿರಿನ ಲಾರಿಗಳು ಅಗೆದುಹಾಕಿದ ನಮ್ಮ ರಸ್ತೆಯಲ್ಲಿ ಮೂಲೆಯಂಗಡಿಯವರೆಗೂ ಹೋಗಲಾರದೆ ಅದು ಅಂಗಳದಲ್ಲೇ ಠಿಕಾಣಿ ಹೂಡಿತು.

ಅದರ ನಿಜವಾದ ಉಪಯೋಗ ಕಂಡುಹಿಡಿದವಳು ನನ್ನ ತಾಯಿ ಇಂದಿರಾಬಾಯಿ. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ಸಂಜೆಯೊಳಗೆ ಅದಿರಿನ ಧೂಳು ಹೊದ್ದು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಕಾರಿನ ಹಿಂಬದಿಗೆ ಅಗಲವಾದ ಇಳಿಜಾರು ಗಾಜಿತ್ತು, ಅದರಡಿ ಚಾಪೆ ಹಾಸುವಷ್ಟು ಜಾಗ. ಬಿಸಿಲು ಬರುತ್ತದೆ, ಕಾಗೆ ಬರುವುದಿಲ್ಲ. ಧೂಳು ಮಾತ್ರ ಬರುತ್ತಿತ್ತು, ಗಾಜಿನ ಸುತ್ತಲಿನ ಅಂಟು ಬಿರಿದಿದ್ದರಿಂದ.

"ಪ್ರಾಣೇಶಾ, ಅದನ್ನ ಗಟ್ಟಿ ಮಾಡಸು. ಒಂದ ಕಣಾನೂ ಒಳಗ ಬರಬಾರ್ದು" ಎಂದಳು ಅಮ್ಮ.

ನಾನು ಹುಸೇನಪ್ಪನನ್ನು ಕರೆತಂದೆ. ಕಡ್ಡಿರಾಂಪುರದವನು. ಮೊಹರಂ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ್ದರಿಂದ ಆ ಹೆಸರು. ಬೈಪಾಸಿನ ತಗಡಿನ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಲಾರಿಗಳಿಗೆ ಗಾಜು ಕೂರಿಸುತ್ತಿದ್ದ. ಯಾವ ಗಾಜನ್ನೇ ಆಗಲಿ ಮುಟ್ಟುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ, "ಆರಾಮಿದೀಯೇನವ್ವಾ?" ಎಂದು ಕೇಳುತ್ತಿದ್ದ. ಮನುಷ್ಯರಿಗೆ ಅವನು ಅಷ್ಟು ಮರ್ಯಾದೆ ಕೊಟ್ಟದ್ದನ್ನು ನಾನು ಕಂಡಿಲ್ಲ.

ಆ ತಿಂಗಳು ಮಾತ್ರ ಅವನ ಹೆಗಲೇರಿ ಶನಿ ಕೂತಿತ್ತು. ಅವನು ಗಾಜು ಕೂರಿಸಿದ ಎರಡು ಲಾರಿಗಳೊಳಗೆ ನೀರು ಸೋರಿ, ಎರಡೂ ವಾಪಸು ಬಂದಿದ್ದವು. ಕೈ ಕೆಟ್ಟಿತೇನೋ ಎಂಬ ಹುಳ ತಲೆಯೊಳಗೆ ಹೊಕ್ಕಿತ್ತು. ಮಗಳು ತುಳಸಿ ದೋಣಿಮಲೈ ಕಡೆಯ ಗಣಿಯೊಂದರ ಗೇಟಿನಲ್ಲಿ ಅವನಿಗೆ ಕಾವಲುಗಾರನ ಕೆಲಸ ಗೊತ್ತುಮಾಡಿದ್ದಳು. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

"ಇದೊಂದು ಗಾಜು ನೋಡ್ತೀನ್ರಿ ಅಮ್ಮಾರ" ಎಂದ. "ಧೂಳು ಒಳಗ ಬಂತಂದ್ರ ಶೆಡ್ಡು ಮುಚ್ಚಿ ಸೀಟಿ ಊದಾಕ ಹೋಗ್ತೀನಿ."

ಮೊದಲ ದಿನ ಸಣ್ಣ ತಂತಿಯಿಂದ ಹಳೆಯ ಅಂಟನ್ನು ಸುತ್ತಲೂ ಕೊಯ್ದ. ಇಬ್ಬರೂ ಸೇರಿ ಗಾಜನ್ನು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದೆವು. ನನ್ನ ಪಾಲಿನ ಕೆಲಸ ಹಿಡಿದುಕೊಂಡು ನಡುಗುವುದು. ಚೌಕಟ್ಟಿನ ತುಕ್ಕನ್ನು ಹುಸೇನಪ್ಪ ಲೋಹ ಹೊಳೆಯುವ ತನಕ ಉಜ್ಜಿದ. ಮರುದಿನ ಜಿಲೇಬಿ ಹಿಂಡುವವನ ಹಾಗೆ ಕರಿ ಅಂಟನ್ನು ಎಲ್ಲೂ ಕಡಿಯದಂತೆ ಎಳೆದು, ಗಾಜನ್ನು ಕೂರಿಸಿ, ಟೇಪು ಬಿಗಿದ. ಒಂದು ದಿನ ಯಾರೂ ಮುಟ್ಟಬಾರದೆಂದು ನನ್ನನ್ನೇ ನೋಡಿ ಹೇಳಿದ.

ಭಾನುವಾರ ಬೆಳಿಗ್ಗೆ ಅಮ್ಮ ಹಿಂಬದಿಯಲ್ಲಿ ಪಂಚೆ ಹಾಸಿ, ಬಿಳೀ ಸಂಡಿಗೆಯನ್ನು ಸಾಲುಸಾಲಾಗಿ ಜೋಡಿಸಿದಳು. ದಿನವಿಡೀ ಲಾರಿಗಳು ಹೋದವು. ಇಳಿಹೊತ್ತಿಗೆ ಹುಸೇನಪ್ಪ ಬಂದ. ಅವನು ಚಪ್ಪಲಿ ಬಿಡುವ ಮೊದಲೇ ಅಮ್ಮ, "ಒಂದ ಕಣಾನೂ ಬಂದಿಲ್ಲಪ್ಪಾ, ನಿಶ್ಚಿಂತಿ ಇರು" ಎಂದಳು.

ಅವನು ಗಾಜಿದ್ದ ಹಿಂಬಾಗಿಲನ್ನು ಮೇಲೆತ್ತಿ ಬಗ್ಗಿ ನೋಡಿದ. ಎಲ್ಲವೂ ಮಲ್ಲಿಗೆಯ ಹಾಗೆ ಬೆಳ್ಳಗಿದ್ದವು. ನಾನು ಉಸಿರು ಬಿಟ್ಟೆ. ಅವನು ಬಿಡಲಿಲ್ಲ.

"ಅಮ್ಮಾರ, ಈ ಎಡಗಡೆ ಮೂಲಿ ಯಾಕ ಖಾಲಿ ಐತಿ? ಇಲ್ಲಿದ್ದ ಸಂಡಿಗಿ ಎಲ್ಲಿ ಹೋದ್ವು?"

"ಕಾಗಿ ತಿಂತು."

"ಗಾಜಿನೊಳಗ ಕಾಗಿ ಬಂತ್ರೀ?"

ಅಮ್ಮನ ಮುಖ ಕೆಂಪಾಯಿತು. ಫೋನಿನಲ್ಲಿ 'ಅಮ್ಮ ಮನೆಯಲ್ಲಿಲ್ಲ' ಎಂದು ನಾನು ಹೇಳಬೇಕಾದರೆ ಮೊದಲು ಗೇಟಿನಾಚೆ ಹೋಗಿ ನಿಲ್ಲುವ ಹೆಂಗಸು ಅವಳು. ಮೆಲ್ಲಗೆ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಎಂಟು ಸಂಡಿಗೆ, ಕೆಂಪಗೆ. ನನಗೆ ಅವಳ ಮೇಲೆ ಒಮ್ಮೆಗೇ ಭಾಳ ಪ್ರೀತಿ ಉಕ್ಕಿತು.

ಹುಸೇನಪ್ಪನ ಮುಖ ಬಾಡಿತು. ಒಂದು ಸಂಡಿಗೆಯನ್ನು ಕೇಳಿ ತೆಗೆದುಕೊಂಡು ತಿರುಗಿಸಿ ನೋಡಿದ. ಮೇಲ್ಭಾಗ ಬೆಳ್ಳಗಿತ್ತು, ಪಕ್ಕ ಮತ್ತು ಅಡಿ ಮಾತ್ರ ಕೆಂಪು.

"ಗಾಜಿಂದ ಬಂದಿದ್ರ ಮ್ಯಾಲಿಂದ ಉದುರತಿತ್ತು. ಇದು ಕೆಳಗಿಂದ ನುಗ್ಗೈತಿ" ಎಂದು ಗೊಣಗುತ್ತ ಎಡಗಡೆಯ ಹಿಂದಿನ ದೀಪವನ್ನು ಬಿಚ್ಚಿದ. ಅದರ ಹಿಂದೆ ಧೂಳು ತಡೆಯಲು ಇರಬೇಕಾದ ರಬ್ಬರೇ ಇರಲಿಲ್ಲ. ಒಂದು ಬೊಗಸೆ ಧೂಳು ಅವನ ಪಾದದ ಮೇಲೆ ಸುರಿಯಿತು. ಆಮೇಲೆ ಗಾಜಿನ ಅಂಚನ್ನೆಲ್ಲ ಬಿಳೀ ಬಟ್ಟೆಯಿಂದ ಒರೆಸಿ ನೋಡಿದ. ಬಟ್ಟೆ ಬೆಳ್ಳಗೇ ಉಳಿಯಿತು.

"ನನ್ನ ಕೈ ಕೆಟ್ಟಿಲ್ಲ" ಎಂದ. ಮತ್ತೊಮ್ಮೆ ಅದನ್ನೇ ಹೇಳಿ, ಸಂಕೋಚವಿಲ್ಲದೆ ಅತ್ತ. "ಆ ಎರಡು ಲಾರ್ಯಾಗೂ ನೀರು ಎಲ್ಲಿಂದ ಬಂತಂತ ನಾಳೆ ಮತ್ತ ಹುಡುಕಿ ನೋಡಬೇಕು."

ಅಮ್ಮ ತಲೆ ತಗ್ಗಿಸಿಯೇ ಇದ್ದಳು. "ಕೆಂಪಾದದ್ದು ನೋಡಿ, ನಿನ್ನ ಹೊಟ್ಟಿ ಮ್ಯಾಲೆ ಹೊಡೀಲಿಕ್ಕೆ ಮನಸಾಗಲಿಲ್ಲಪ್ಪಾ. ಸುಳ್ಳು ಹೇಳಿಬಿಟ್ಟೆ."

"ಪುಣ್ಯಕ್ಕ ನಿಮಗ ಸುಳ್ಳು ಹೇಳಾಕ ಬರಂಗಿಲ್ಲ ಅಮ್ಮಾರ" ಎಂದ ಹುಸೇನಪ್ಪ, ಕಣ್ಣೊರೆಸಿಕೊಂಡು. "ಬರತಿದ್ರ ಆ ಜಾಗಕ್ಕ ಎಂಟು ಬಿಳೀ ಸಂಡಿಗಿ ಇಡತಿದ್ರಿ. ನಾ ನಕ್ಕೋಂತ ಮನಿಗೆ ಹೋಗತಿದ್ದೆ, ಮುಂದಿನ ವಾರ ಮತ್ತ ಕೆಂಪ ಸಂಡಿಗಿ ಕಂಡು ಅಳಕೋಂತ ಕೆಲಸ ಬಿಡತಿದ್ದೆ."